ಒಪ್ಪಿಗೆಯ ಪಠ್ಯ ಬರುವ ತನಕ

ವ್ಲಿಸ್ಸಿಂಗೆನ್, ನೆದರ್‌ಲ್ಯಾಂಡ್ಸ್
17 ಆಗಸ್ಟ್ 2025

ಮಾನಸ,

ಬೆಳಗಿನ ಐದೂವರೆಗೆ ಪಕ್ಕದ ಮನೆಯ ಗಾಜಿನ ಮಾಡಿನ ಮೇಲೆ ಟಕ್ ಎಂದು ಏನೋ ಬಿದ್ದು ಎಚ್ಚರವಾಯಿತು. ಸ್ವಲ್ಪ ಉರುಳಿತು, ನಿಂತಿತು, ಮತ್ತೆ ಟಕ್. ಕಡಲಹಕ್ಕಿ. ದಂಡೆಯ ಕಲ್ಲಿನಿಂದ ಕಪ್ಪು ಚಿಪ್ಪುಗಳನ್ನು ಕಿತ್ತು ತಂದು, ಎತ್ತರದಿಂದ ಬೀಳಿಸಿ, ಒಡೆದ ಮೇಲೆ ಇಳಿದು ತಿನ್ನುವುದು ಇಲ್ಲಿಯ ಹಕ್ಕಿಗಳ ಅಭ್ಯಾಸ. ಸೃಜನ್ ಏಳಲಿಲ್ಲ. ಮೂರು ತಿಂಗಳ ಮಗು, ಅವನಿಗೆ ನಿದ್ದೆ ಬರುತ್ತದೆ. ನಾನು ಅವನ ಉಸಿರು ಕೇಳುತ್ತ ಸ್ವಲ್ಪ ಹೊತ್ತು ಬಿದ್ದುಕೊಂಡಿದ್ದು, ಆಮೇಲೆ ಎದ್ದು ಬಂದು ಇದನ್ನು ಬರೆಯಲು ಕೂತೆ.

ಕಳೆದ ನವೆಂಬರಿನ ಮೀಟಿಂಗ್ ಆದಮೇಲೆ ನೀನು ನನ್ನ ಫೋನ್ ಎತ್ತಿಲ್ಲ. ಯಾಕೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಗ ನನಗೆ ವಾಂತಿಯ ದಿನಗಳು, ಯಾರನ್ನೂ ಕೇಳುವ ಚೈತನ್ಯ ಇರಲಿಲ್ಲ. ಕಾಗದದ ಮೇಲೆ ಯಾಕೆ ಬರೆಯುತ್ತಿದ್ದೇನೆ ಎಂಬುದು ನಿನಗೆ ಗೊತ್ತೇ ಇದೆ. ಸ್ಖೆಲ್ಡ ನದಿಯ ಜಂಟಿ ಸಮಿತಿಯಲ್ಲಿ ನಾನು ಡಚ್ಚರ ಕಡೆ ಕರಡು ಬರೆಯುವವಳು, ನೀನು ಬೆಲ್ಜಿಯಂ ಕಡೆ ಅಂಕಿಅಂಶ ನೋಡುವವಳು. ನಮ್ಮ ಈಮೇಲು, ವಾಟ್ಸಾಪು ಎಲ್ಲವನ್ನೂ ಪತ್ರಕರ್ತರು ಅರ್ಜಿ ಹಾಕಿ ಕೇಳಬಹುದು. ಅಂಚೆಚೀಟಿ ಹಚ್ಚಿದ ಕನ್ನಡವನ್ನು ಇನ್ನೂ ಯಾರೂ ಕೇಳಿಲ್ಲ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಪಕ್ಕದ ಮನೆಯ ಕೋರಿ ಅಜ್ಜಿ ಬೇಲಿಯ ಆಚೆಯಿಂದ, "ನಿನ್ನ ಅತ್ತೆ ಊರಿಗೆ ಹೋದರಾ? ಬೆಳಿಗ್ಗೆ ಕಲ್ಲಿನ ಮೇಲೆ ಕಾಣುವುದಿಲ್ಲವಲ್ಲ" ಎಂದು ಕೇಳಿದಳು. ಯಾವ ಕಲ್ಲು ಎಂದೆ. "ದಂಡೆಯ ಕಲ್ಲು. ಇಳಿತದ ಹೊತ್ತಿಗೆ ಬಕೆಟ್ ಹಿಡಿದು ಬರುತ್ತಿದ್ದರು, ಚಿಪ್ಪು ಹೆಕ್ಕುತ್ತಿದ್ದರು. ನನ್ನ ಗಂಡ ಬೇಡ ಬೇಡ ಎಂದು ಕೈ ಅಲ್ಲಾಡಿಸಿದ. ಅವರೂ ಕೈ ಅಲ್ಲಾಡಿಸಿದರು. ನಮಸ್ಕಾರ ಹೇಳಿದ್ದೆಂದು ತಿಳಿದುಕೊಂಡರೋ ಏನೋ."

ನಾನು ಒಳಗೆ ಬಂದು ಮಲ್ಪೆಗೆ ಫೋನ್ ಮಾಡಿದೆ. ಉಮಾವತಿ ಮಾಮಿಯನ್ನು ನೀನು ನಮ್ಮ ಮದುವೆಯಲ್ಲಿ ನೋಡಿದ್ದೀಯ. ಅವಿನ್‌ನ ಅಮ್ಮ, ಮೀನಿನ ಬುಟ್ಟಿ ಹೊತ್ತು ಮಗನನ್ನು ಇಂಜಿನಿಯರ್ ಮಾಡಿದವರು. ಬಾಣಂತನಕ್ಕೆಂದು ವೀಸಾ ಮುಗಿಯುವ ತನಕ ಇಲ್ಲಿದ್ದರು. ನಮ್ಮ ಕಡೆ ಹಾಲು ಬರಲಿಕ್ಕೆ ತಾಟೆ ಮೀನು ಕೊಡುತ್ತಾರೆ. ಅದು ಇಲ್ಲಿ ಸಿಗಲಿಲ್ಲ. ಬದಲಿಗೆ ದಿನಾ ಚಿಪ್ಪುಮೀನಿನ ಮೆಣಸಿನ ಸಾರು, ಎರಡು ದಿನಕ್ಕೊಮ್ಮೆ ನಂಗ್ ಮೀನಿನ ಹುಳಿಖಾರದ ಪುಳಿಮುಂಚಿ. ಎಲ್ಲಿಯದು ಎಂದರೆ ಪೇಟೆಯದ್ದು ಅನ್ನುತ್ತಿದ್ದರು.

"ಪೇಟೆಯದ್ದು ಅಂತ ಹೇಳಿದ್ದು ಹೌದು," ಅಂದರು ಮಾಮಿ. "ಇಲ್ಲದಿದ್ರೆ ನೀನು ತಿಂತಿದ್ದಿಯಾ? ನಿನಗೆ ಮೀನಿಗೆ ರೇಟು ಅಂಟಿಸಿರ್ಬೇಕು."

"ಮಾಮೀ, ನಂಗ್ ಎಲ್ಲಿಂದ ಬಂತು? ಅದನ್ನ ಕಲ್ಲಿಂದ ಹೆಕ್ಕಲಿಕ್ಕೆ ಆಗುದಿಲ್ಲ."

"ಅಲ್ಲಿಯ ಗಂಡಸರು ಕೊಟ್ಟದ್ದು. ಮರುಳು ಜನ ಮಗಾ. ಗಾಳ ಹಾಕಿ ಹಿಡಿಯುದು, ಫೋಟೊ ತೆಗೆಯುದು, ಪುನಃ ನೀರಿಗೆ ಬಿಡುದು. ನಾನು ಬಕೆಟ್ ಹಿಡಿದೆ, ನಗಾಡಿಕೊಂಡು ಹಾಕಿದ್ರು. ಒಬ್ಬ ಮಾತ್ರ ಏನೋ ಹೇಳ್ಲಿಕ್ಕೆ ಬಂದ, ಹೊಟ್ಟೆ ಮುಟ್ಟಿ ತೋರಿಸಿದ. ನನಗೂ ಹಸಿವೆ ಅಂತ ನಾನೂ ಹೊಟ್ಟೆ ಮುಟ್ಟಿ ತೋರಿಸಿದೆ."

ಅವರು ಯಾಕೆ ನೀರಿಗೆ ಬಿಡುತ್ತಾರೆಂದು ಈ ನದಿಯ ಎರಡು ದಡದಲ್ಲಿ ನನಗೂ ನಿನಗೂ ತಿಳಿದಷ್ಟು ಬೇರೆ ಯಾರಿಗೂ ತಿಳಿದಿಲ್ಲ. ಸ್ಖೆಲ್ಡ ನದಿ ಬೆಲ್ಜಿಯಂನ ಕಾರ್ಖಾನೆಗಳ ಬದಿಯಿಂದ ಪಿಫಾಸ್ ಹೊತ್ತು ನಮ್ಮ ಬಾಗಿಲಲ್ಲಿ ಕಡಲು ಸೇರುತ್ತದೆ. ಅಳಿಯದ ರಾಸಾಯನಿಕ, ಮೈ ಸೇರಿದರೆ ವರ್ಷಗಟ್ಟಲೆ ಹೊರಗೆ ಹೋಗುವುದಿಲ್ಲ, ಹೋಗುವ ದಾರಿಗಳಲ್ಲಿ ಒಂದು ಎದೆಹಾಲು. ಇಲ್ಲಿ ಹಿಡಿದ ಮೀನು ತಿನ್ನಬೇಡಿ ಎಂಬ ಕರಪತ್ರವನ್ನು ಡಚ್, ಇಂಗ್ಲಿಷ್, ಪೋಲಿಷ್, ಅರಬ್ಬಿಯಲ್ಲಿ ಹಂಚಿದೆವು. ಮಲ್ಪೆಯಿಂದ ಒಬ್ಬರು ಬಕೆಟ್ ಹಿಡಿದು ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ.

ಅವಿನ್‌ಗೆ ಗೊತ್ತಿತ್ತು. ಅವನು ಆಂಟ್‌ವರ್ಪ್‌ಗೆ ಹೋಗುವ ಹಡಗುಗಳಿಗೆ ದಾರಿ ಆಳವಾಗಿರಲೆಂದು ಇದೇ ನದಿಯ ಹೂಳೆತ್ತುವವನು. ಕೇಳಿದರೆ, "ಅಮ್ಮ ಈ ದೇಶದಲ್ಲಿ ನಕ್ಕದ್ದು ಆ ಕಲ್ಲಿನ ಮೇಲೆ ಮಾತ್ರ. ನಾನು ದಿನಾ ಆ ಕೆಸರಿನಲ್ಲೇ ಇದ್ದೇನೆ, ನನಗೆ ಎಂತ ಆಗಿದೆ?" ಅಂದ. ಅವತ್ತಿನಿಂದ ನಾವು ಮಗುವಿನ ಬಟ್ಟೆಯ ಬಗ್ಗೆ ಬಿಟ್ಟು ಬೇರೆ ಮಾತಾಡಿಲ್ಲ.

ಜುಲೈಯಲ್ಲಿ ಜಂಟಿ ಅಧ್ಯಯನಕ್ಕೆ ಎರಡೂ ದಡದ ಬಾಣಂತಿಯರ ಹಾಲು ತೆಗೆದುಕೊಂಡರಲ್ಲ, ಅದರಲ್ಲಿ ನನ್ನದೂ ಒಂದು ಸೀಸೆ ಇದೆ. ಅದರ ಅಂಕಿ ನಿನ್ನ ಕಂಪ್ಯೂಟರಿನಲ್ಲಿದೆ. ಎದೆಹಾಲಿನಿಂದ ಲಾಭವೇ ಹೆಚ್ಚು, ಕುಡಿಸಿ ಎಂದು ಡಾಕ್ಟರ್ ಎಲ್ಲರಿಗೂ ಹೇಳುವುದನ್ನು ನನಗೂ ಹೇಳಿದರು. ನಾನು ಏನೇನು ತಿಂದೆ ಎಂದು ಹೇಳಿದ ಮೇಲೆ ಪೆನ್ನು ಕೆಳಗಿಟ್ಟು, "ನಿಮ್ಮ ವಿಷಯದಲ್ಲಿ ಅಂಕಿ ನೋಡದೆ ನಾನು ಏನೂ ಹೇಳಲಾರೆ" ಅಂದರು. ಹೊರಗಿನ ಲ್ಯಾಬುಗಳು ಖಾಸಗಿಯವರಿಂದ ಹಾಲು ತೆಗೆದುಕೊಳ್ಳುವುದಿಲ್ಲ. ಕೇಳಿ ಬಂದಿದ್ದೇನೆ.

ಒಂದೇ ಒಂದು ಅಂಕಿ ಸಾಕು. ಅವನಿಗೆ ಕುಡಿಸಲೋ ಬೇಡವೋ ಎಂದು ತಿಳಿದರೆ ಸಾಕು.

ನಿನ್ನ ಉತ್ತರಕ್ಕೆ ಕಿಟಕಿಯ ಬಳಿ ಕೂತಿರುವ,
ಸಂಪ್ರೀತಾ


ಆಂಟ್‌ವರ್ಪ್, ಬೆಲ್ಜಿಯಂ
29 ಆಗಸ್ಟ್ 2025

ಪ್ರಿಯ ಸಂಪ್ರೀತಾ,

ಮಗ ಹುಟ್ಟಿದ ಸುದ್ದಿ ನಿನ್ನ ಕಡೆಯ ಅಧ್ಯಕ್ಷರ ಇಮೇಲಿನಿಂದ ತಿಳಿದಿತ್ತು. ಶುಭಾಶಯ.

ಒಪ್ಪಂದದ ಹನ್ನೊಂದನೆಯ ವಿಧಿಯನ್ನು ಕನ್ನಡದಲ್ಲಿ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅದು ನಿನಗೆ ಬಾಯಿಪಾಠ. "ಎರಡೂ ಸರಕಾರಗಳ ಒಪ್ಪಿಗೆಯ ಪಠ್ಯ ಪ್ರಕಟವಾಗುವ ತನಕ ಯಾವ ತಾಯಿಗೂ ಅವಳ ವೈಯಕ್ತಿಕ ಫಲಿತಾಂಶವನ್ನು ನೀಡತಕ್ಕದ್ದಲ್ಲ." ಈ ವಾಕ್ಯ ಬರೆದವಳು ನೀನು. ನವೆಂಬರಿನ ಮೀಟಿಂಗಿನಲ್ಲಿ ಬೆಳಿಗ್ಗೆ ನೀನು ಮಾಡಿದ ವಾದವೂ ನನಗೆ ನೆನಪಿದೆ. ನಿಮ್ಮ ಝೇಲ್ಯಾಂಡ್ ಪ್ರಾಂತ್ಯದ ಚಿಪ್ಪುಮೀನಿನಲ್ಲಿ ಹೆಚ್ಚಿನ ಪಾಲು ತಿನ್ನುವವರು ಬೆಲ್ಜಿಯಂನವರು. ಅದನ್ನು ಸಾಕುವ ನೀರು ಬೇರೆ, ಸ್ವಚ್ಛ. ಆದರೆ ಒಬ್ಬ ತಾಯಿ ತನ್ನ ಹಾಲಿನ ಅಂಕಿ ಹಿಡಿದು ಪತ್ರಿಕೆಗೆ ಹೋದರೆ, ಬ್ರಸೆಲ್ಸಿನ ಹೋಟೆಲಿನಲ್ಲಿ ಕೂತವನು ಯಾವ ನೀರು ಎಂದು ಕೇಳುವುದಿಲ್ಲ, ತಟ್ಟೆ ಪಕ್ಕಕ್ಕಿಡುತ್ತಾನೆ. ಸೀಸನ್ ಹಾಳಾಗುತ್ತದೆ. "ಗಾಬರಿಯಾದ ತಾಯಿಯ ಕೈಗೆ ಅಂಕಿ ಕೊಡುವುದೂ ಬೆಂಕಿಪೆಟ್ಟಿಗೆ ಕೊಡುವುದೂ ಒಂದೇ" ಎಂದಿ. ನಿನ್ನ ಕಡೆಯ ಮೂವರು ಮೇಜು ಕುಟ್ಟಿದರು. ಚೆನ್ನಾಗಿ ಮಾತಾಡಿದಿ.

ಒಪ್ಪಿಗೆಯ ಪಠ್ಯ ಯಾವಾಗ ಬರುತ್ತದೆ ಎಂದು ಕೇಳಬಹುದು. ಹೇಗ್‌ನಲ್ಲಿ ಜೂನ್‌ನಲ್ಲೇ ನಿಮ್ಮ ಸರಕಾರ ಬಿದ್ದಿದೆ. ಹೋಗುವ ಮಂತ್ರಿ ನೆರೆಯ ದೇಶದ ಜೊತೆಗಿನ ಕಾಗದಕ್ಕೆ ಸಹಿ ಹಾಕಲು ಒಪ್ಪುತ್ತಿಲ್ಲ. ಅಕ್ಟೋಬರ್ ಕೊನೆಗೆ ಚುನಾವಣೆ. ಆಮೇಲೆ ನಿಮ್ಮವರು ಸರಕಾರ ಕಟ್ಟಲು ಎಷ್ಟು ತಿಂಗಳು ತೆಗೆದುಕೊಳ್ಳುತ್ತಾರೋ, ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಡಾಕ್ಟರ್ ಹೇಳಿದಂತೆ ಕೇಳು.

ಸಮಿತಿಯ ಶಿಷ್ಟಾಚಾರ ಮೀರದೆ,
ಮಾನಸ


ವ್ಲಿಸ್ಸಿಂಗೆನ್
8 ಸೆಪ್ಟೆಂಬರ್ 2025

ಮಾನಸ,

ನಿನ್ನ ಕಾಗದವನ್ನು ಅವಿನ್‌ಗೆ ಓದಿ ಹೇಳಿದೆ. "ಇವಳು ಧಾರವಾಡದವಳಾ, ಬ್ರಸೆಲ್ಸಿನವಳಾ?" ಅಂದ. ಸುಮಾರು ದಿನಗಳ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ.

ಡಾಕ್ಟರ್ ಹೇಳಿದಂತೆ ಕೇಳು ಎಂದಿದ್ದೀಯ. ಡಾಕ್ಟರ್ ಏನೂ ಹೇಳಲಾರೆ ಎಂದದ್ದನ್ನು ನಾನು ಬರೆದಿದ್ದೆ. ಓದಿಯೂ ಹಾಗೆ ಬರೆದೆ ತಾನೆ?

ಇಲ್ಲಿ ನಡೆಯುತ್ತಿರುವುದು ಇಷ್ಟು. ಹಗಲು ಹಾಲು ಹಿಂಡಿ ಸಿಂಕಿಗೆ ಚೆಲ್ಲುತ್ತೇನೆ. ಅವನಿಗೆ ಡಬ್ಬದ ಹಾಲು ಕಲಸುತ್ತೇನೆ. ಬಾಟಲಿ ತುಟಿಗೆ ತಾಗಿದ ಕೂಡಲೇ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚುತ್ತಾನೆ. ಬಾಟಲಿ ಬದಲಿಸಿದೆ, ಹಾಲಿನ ಕಂಪನಿ ಬದಲಿಸಿದೆ. ಮಾಮಿ ವಿಡಿಯೋ ಕಾಲಿನಲ್ಲಿ ಒಳಲೆಯಲ್ಲಿ ಹಾಕುವುದು ಹೇಗೆಂದು ತೋರಿಸಿದರು, ಅದನ್ನೂ ಉಗಿದ. ಅವಿನ್ ನನ್ನನ್ನು ಮನೆಯಿಂದ ಹೊರಗೆ ಕಳಿಸಿ ತಾನೇ ಕುಡಿಸಲು ನೋಡಿದ. ಮಳೆಯಲ್ಲಿ ದಂಡೆಯ ಮೇಲೆ ನಿಂತಿದ್ದೆ. ನಿಮ್ಮ ಬಂದರಿಗೆ ಹೋಗುವ ಹಡಗೊಂದು ಎಷ್ಟು ಹತ್ತಿರ ಹಾದುಹೋಯಿತೆಂದರೆ ಮೇಲೆ ಸಿಗರೇಟು ಸೇದುತ್ತಿದ್ದವನ ಮುಖ ಕಂಡಿತು. ನಿಮ್ಮ ದೇಶ ನಮ್ಮಿಂದ ಬೇರೆಯಾದಾಗಿನಿಂದ ಆ ದಾರಿಯನ್ನು ನಿಮಗಾಗಿ ತೆರೆದಿಡಬೇಕಾದವರು ನಾವು. ನನ್ನ ಗಂಡನಿಗೆ ಸಂಬಳ ಬರುವುದೂ ಅದಕ್ಕೇ. ಮನೆಗೆ ಬಂದರೆ ಮಗು ಅತ್ತು ಅತ್ತು ದನಿ ಹೋಗಿತ್ತು, ಬಾಟಲಿ ತುಂಬಿಯೇ ಇತ್ತು. ಆಗ ಎದೆಗೆ ಹಾಕಿಕೊಂಡೆ. ಅವನು ನನ್ನನ್ನೇ ನೋಡುತ್ತ ಕುಡಿಯುತ್ತಾನೆ. ಕುಡಿಯುವಾಗೆಲ್ಲ ಗುಟುಕಿನ ಸದ್ದು ಕೇಳಿಸುತ್ತದೆ. ಪ್ರತಿ ಗುಟುಕಿನಲ್ಲೂ ಎಷ್ಟು ಹೋಗುತ್ತಿದೆಯೋ ಎಂದು ಯೋಚಿಸುತ್ತೇನೆ.

ವಿಧಿ ಬರೆದವಳು ನಾನೇ. ಆ ಹೊತ್ತಿಗೆ ಅದು ಸರಿಯಾದ ವಿಧಿಯೇ ಆಗಿತ್ತು, ಈಗಲೂ ವಾದಿಸಬಲ್ಲೆ. ಅದು ಕಾಗದ ಮಾನಸ, ಇದು ಮಗು. ಮಣಿಪಾಲದ ಹಾಸ್ಟೆಲಿನಲ್ಲಿ ನನಗೆ ಟೈಫಾಯ್ಡ್ ಆದಾಗ ವಾರ್ಡನ್ ಹಾಕಿದ ಬೀಗ ಒಡೆಸಿದವಳು ನೀನು. ಆಗ ನಿನಗೆ ನಿಯಮ ಅಡ್ಡ ಬಂದಿರಲಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಂಡರೂ ಸರಿ. ಮಕ್ಕಳಿಲ್ಲದವಳಿಗೆ ಇದು ತಿಳಿಯುವುದಿಲ್ಲ. ನಿನಗೆ ಅದು ಒಂದು ಸೀಸೆ. ಅಷ್ಟೆ.

ಅಂಕಿ ಬರೆದು ಕಳಿಸು. ಹೆಸರು ಬೇಡ, ಸಹಿ ಬೇಡ, ಒಂದು ಪೋಸ್ಟ್‌ಕಾರ್ಡು.

ಕಾಯುತ್ತ ಸಿಟ್ಟೂ ಬಂದಿರುವ,
ಸಂಪ್ರೀತಾ


ಆಂಟ್‌ವರ್ಪ್
19 ಸೆಪ್ಟೆಂಬರ್ 2025

ಸಂಪ್ರೀತಾ,

ಮಕ್ಕಳಿಲ್ಲದವಳಿಗೆ ತಿಳಿಯುವುದಿಲ್ಲ ಎಂದು ಬರೆದಿದ್ದಿ. ಹಾಗಾದರೆ ನಿನಗೆ ತಿಳಿಯದ್ದನ್ನು ನಾನು ಹೇಳುತ್ತೇನೆ.

ಕಳೆದ ನವೆಂಬರಿನಲ್ಲಿ, ಮಿಡ್ಡೆಲ್‌ಬರ್ಗ್‌ನ ಆ ಕೋಣೆಯಲ್ಲಿ, ಊಟದ ನಂತರ ನಾನು ನಿನ್ನ ಕುರ್ಚಿಯ ಹತ್ತಿರ ಬಂದು ಕನ್ನಡದಲ್ಲಿ ಹೇಳಿದೆ. "ಸಂಪೀ, ಅರ್ಧ ತಾಸು ನಿಲ್ಲಸಾಕ ಅಧ್ಯಕ್ಷರಿಗೆ ಹೇಳು. ನನಗ ಕೂಡಾಕ ಆಗವಲ್ದು."

ನೀನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, "ಎಂತಾಯ್ತು?" ಎಂದಿ.

"ತಲಿನೋವು."

"ಬ್ಯಾಗಲ್ಲಿ ಮಾತ್ರೆ ಉಂಟು, ತಗೋ ಮಾರಾಯ್ತಿ. ಹನ್ನೊಂದನೇದು ಇವತ್ತು ಮುಗೀಲೇಬೇಕು. ನಾಳೆ ನಿಮ್ಮ ಮಂತ್ರಿ ಇರುದಿಲ್ಲ."

ತಲೆನೋವು ಆಗಿರಲಿಲ್ಲ. ನನಗೆ ಮೂರನೆಯ ತಿಂಗಳು ನಡೆದಿತ್ತು. ಮನೆಯಲ್ಲಿ ಚರಣ್‌ಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ, ಹಿಂದಿನ ಸಲ ಬೇಗ ಹೇಳಿ ಆಮೇಲೆ ಎಲ್ಲರಿಗೂ ಇಲ್ಲ ಎಂದು ಹೇಳಬೇಕಾಗಿ ಬಂದಿತ್ತು. ನಾನು ಮೇಲಿನ ಮಹಡಿಯ ಶೌಚಾಲಯಕ್ಕೆ ಹೋದೆ. ರಕ್ತ ಹೋಗುತ್ತ ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಗೋಡೆಯ ಆಚೆ ಯಾರೋ ಕಾಫಿ ಯಂತ್ರ ರಿಪೇರಿ ಮಾಡುತ್ತಿದ್ದರು, ಡಚ್ಚಿನಲ್ಲಿ ಹಾಡು ಗುನುಗುತ್ತಿದ್ದರು.

ಹನ್ನೊಂದನೆಯ ವಿಧಿಗೆ ನಾನು ಬರೆದಿಟ್ಟುಕೊಂಡಿದ್ದ ಆಕ್ಷೇಪ ಕೋಟಿನ ಜೇಬಿನಲ್ಲಿತ್ತು. ಹಾಲು ಕೊಟ್ಟ ತಾಯಿಗೆ ಅಂಕಿ ಮೊದಲು, ಸರಕಾರಗಳಿಗೆ ಆಮೇಲೆ ಎಂದು. ನಾನು ಕೆಳಗೆ ಬಂದಾಗ ಎಲ್ಲ ಮುಗಿದಿತ್ತು. ನಿನ್ನ ನಡಾವಳಿಯಲ್ಲಿ ಹೀಗಿದೆ: "ಬೆಲ್ಜಿಯಂ ಕಡೆಯಿಂದ ಆಕ್ಷೇಪ ಬರಲಿಲ್ಲ." ಹೇಗೆ ಬರಬೇಕು? ಆಕ್ಷೇಪ ಹೇಳಬೇಕಾದವಳು ಮೇಲೆ ಕಾಗದದ ಟವೆಲ್ ಹುಡುಕುತ್ತಿದ್ದಳು.

ಸಂಜೆಯ ಊಟದಲ್ಲಿ ನೀನು ನಿನ್ನ ಸುದ್ದಿ ಹೇಳಿದಿ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನಿನಗೆ ನೆನಪಿರಬಹುದು, ನನ್ನ ಪಾಲಿನ ಸಿಹಿಯನ್ನೂ ನಿನ್ನ ತಟ್ಟೆಗೆ ಹಾಕಿದೆ.

ಈಗ ನಿನಗೆ ಬೇಕಾದದ್ದು ಆ ದಿನ ನನ್ನ ಜೇಬಿನಲ್ಲಿದ್ದ ವಾಕ್ಯ. ಅದನ್ನು ನೀನೇ ತಡೆದಿ. ನಿನ್ನ ವಿಧಿಯನ್ನು ನಾನು ಮುರಿಯುವುದಿಲ್ಲ.

ಮಾನಸ


ವ್ಲಿಸ್ಸಿಂಗೆನ್
27 ಸೆಪ್ಟೆಂಬರ್ 2025

ಮಾನಸ,

ಮೂರು ಸಲ ಬರೆದು ಹರಿದೆ. ಇದು ಹೇಗೆ ಬರುತ್ತದೋ ಹಾಗೆ ಕಳಿಸುತ್ತೇನೆ.

ನನಗೆ ಗೊತ್ತಿರಲಿಲ್ಲ. ನೀನು ತಲೆನೋವು ಎಂದೆ, ನಾನು ತಲೆನೋವು ಎಂದುಕೊಂಡೆ. ನಾನೂ ಅವತ್ತು ಎರಡು ಸಲ ವಾಂತಿ ಮಾಡಿಕೊಂಡು ಬಂದು ಕೂತಿದ್ದೆ, ಸಂಜೆಯ ತನಕ ಯಾರಿಗೂ ಹೇಳಿರಲಿಲ್ಲ. ಹೇಳಬಾರದಿತ್ತೇ ನನ್ನ ಹತ್ತಿರ? ಕನ್ನಡದಲ್ಲಿ ಹೇಳಿದರೆ ಆ ಕೋಣೆಯಲ್ಲಿ ಬೇರೆ ಯಾರಿಗೆ ತಿಳಿಯುತ್ತಿತ್ತು? ಆ ಸಿಹಿಯನ್ನು ನಾನು ತಿಂದೆ. ಅದು ನೆನಪಿದೆ. ನೀನು ಬಿಳಿಚಿಕೊಂಡಿದ್ದೆ, ಡಯಟ್ ಮಾಡುತ್ತೀಯ ಎಂದು ತಮಾಷೆ ಮಾಡಿದೆ. ಅದೂ ನೆನಪಿದೆ.

ಇಷ್ಟು ಬರೆದು ಎದ್ದು ಹೋಗಿ ಅವನನ್ನು ನೋಡಿ ಬಂದೆ. ಈಗ ಬೇರೆಯದೇ ಸಿಟ್ಟು ಬರುತ್ತಿದೆ. ನಿನಗಾದದ್ದಕ್ಕೆ ನನ್ನನ್ನು ಏನು ಬೇಕಾದರೂ ಮಾಡು. ಸಮಿತಿಗೆ ಬರೆ, ನಡಾವಳಿ ಸುಳ್ಳೆಂದು ಬರೆ, ನಾನು ಹೌದು ಎಂದು ಸಹಿ ಮಾಡುತ್ತೇನೆ, ಕೆಲಸ ಹೋದರೆ ಹೋಗಲಿ. ಆದರೆ ನೀನು ವಸೂಲಿಗೆ ಇಳಿದಿರುವುದು ಅವನ ಹತ್ತಿರ. ನೀನು ಕಳೆದುಕೊಂಡದ್ದು ಇವನು ಹಸಿದರೆ ಬರುತ್ತದಾ?

ಕುಡಿಸುವುದನ್ನು ಪೂರ್ತಿ ನಿಲ್ಲಿಸಲಿಲ್ಲ, ಪೂರ್ತಿ ಕೊಡುತ್ತಲೂ ಇಲ್ಲ. ಅವನಿಗೆ ಅದು ಅರ್ಥವಾಗುವುದಿಲ್ಲ. ಎದೆ ಇದೆ, ವಾಸನೆ ಇದೆ, ತಾಯಿ ಮುಖ ತಿರುಗಿಸುತ್ತಾಳೆ.

ಅಂಕಿಯೂ ಬೇಡ. ಹೆಚ್ಚು, ಕಡಿಮೆ. ಎರಡರಲ್ಲಿ ಒಂದು ಶಬ್ದ ಬರೆ.

ಸಂಪಿ


ಆಂಟ್‌ವರ್ಪ್
14 ಅಕ್ಟೋಬರ್ 2025

ಸಂಪ್ರೀತಾ,

ನಿನ್ನ ಸೀಸೆಯ ಬಗ್ಗೆ ಒಂದು ಸುದ್ದಿ ಇದೆ. ಹೇಳಬಹುದಾದಷ್ಟು ಹೇಳುತ್ತೇನೆ.

ಸೀಸೆಗಳ ಮೇಲೆ ಹೆಸರಿಲ್ಲ. ಆದರೆ ಊಟದ ಪ್ರಶ್ನೆಗಳಲ್ಲಿ "ಅಂಗಡಿಯ ಚಿಪ್ಪುಮೀನು, ದಿನಾಲೂ, ಕರಿಮೆಣಸಿನ ಸಾರಿನಲ್ಲಿ" ಎಂದು ಬರೆದ ತಾಯಿ ನದಿಯ ಎರಡು ದಡದಲ್ಲೂ ಒಬ್ಬಳೇ. ಅಂಗಡಿಯದು ಎಂದು ನೀನು ನಂಬಿ ಬರೆದದ್ದರಿಂದ ಹೋದ ಗುರುವಾರ ಎರಡೂ ಕಡೆಯವರು ಸೇರಿ ನಿನ್ನ ಹಾಲಿನ ಬಗ್ಗೆ ಇಡೀ ಮಧ್ಯಾಹ್ನ ಮಾತಾಡಿದರು. ಈ ಸೀಸೆಯನ್ನು ಲೆಕ್ಕಕ್ಕೆ ಸೇರಿಸುವುದೋ ಬಿಡುವುದೋ ಎಂದು. ಟೈ ಕಟ್ಟಿದ ಏಳೆಂಟು ಗಂಡಸರು. ಒಬ್ಬರು ನಿನ್ನನ್ನು "ಮೆಣಸಿನ ತಾಯಿ" ಎಂದರು, ಅದೇ ಹೆಸರಾಯಿತು. ನಿಮ್ಮವರಲ್ಲೇ ಅರ್ಧ ಜನ ಬೇಕು ಎಂದರು, ಅರ್ಧ ಜನ ಬೇಡ ಎಂದರು. ನಮ್ಮವರೂ ಹಾಗೆಯೇ. ತೀರ್ಮಾನವಾಗಲಿಲ್ಲ. ಚುನಾವಣೆಯ ನಂತರಕ್ಕೆ ಮುಂದೆ ಹಾಕಿದರು.

ಅದು ಅಂಗಡಿಯದಲ್ಲ, ದಂಡೆಯ ಕಲ್ಲಿನದು ಎಂದು ಆ ಕೋಣೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಸುಮ್ಮನೆ ಕೂತೆ. ನಿನ್ನ ಕಾಗದ ಸಮಿತಿಯ ದಾಖಲೆಯಲ್ಲ.

ಅಂಕಿಯನ್ನು ನಾನು ನೋಡಿದ್ದೇನೆ. ದಿನಾ ಬೆಳಿಗ್ಗೆ ಕಂಪ್ಯೂಟರ್ ತೆಗೆದ ಕೂಡಲೇ ನೋಡುತ್ತೇನೆ. ನೀನು ಹೆಚ್ಚು ಅಥವಾ ಕಡಿಮೆ ಎಂದು ಕೇಳಿದಿ. ಅವೆರಡರಲ್ಲಿ ಒಂದು ಹೌದು.

ಮಾನಸ


ವ್ಲಿಸ್ಸಿಂಗೆನ್
28 ಅಕ್ಟೋಬರ್ 2025, ರಾತ್ರಿ

ಮಾನಸ,

ಇದನ್ನು ಅವಿನ್ ಕೈಯಲ್ಲಿ ಕಳಿಸುತ್ತಿದ್ದೇನೆ. ರಾತ್ರಿ ಪಾಳಿಗೆ ಅವನ ಹಡಗು ನಿಮ್ಮ ಬಂದರಿನಲ್ಲಿದೆ. ಹೋಗುವ ದಾರಿಯಲ್ಲಿ ನಿನ್ನ ಬಾಗಿಲ ಕಿಂಡಿಗೆ ಹಾಕಿ, ಬೆಲ್ ಒತ್ತಿ ಹೋಗುತ್ತಾನೆ. ಹೋಗುವಾಗ ಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ವಾಪಸು ಬರುವಾಗ ನಮ್ಮವರೇ ಈಗ ಅಡ್ಡ ನಿಲ್ಲಿಸಿ ಅವನ ಮುಖಕ್ಕೆ ಟಾರ್ಚ್ ಬಿಡುತ್ತಾರೆ, ಅದು ಬೇರೆ ಮಾತು. ಅವನು ನಿನ್ನ ಬಾಗಿಲಲ್ಲಿ ನಿಲ್ಲುವುದಿಲ್ಲ. ನಿನ್ನನ್ನು ನೋಡಿದರೆ ಏನು ಹೇಳಬೇಕೆಂದು ಅವನಿಗೆ ತಿಳಿಯುವುದಿಲ್ಲ.

ನಿನ್ನ ಕಾಗದವನ್ನು ಎರಡು ವಾರ ಓದಿದೆ. ನಾನು ಕರಡು ಬರೆಯುವವಳು, ಶಬ್ದದ ಹಿಂದೆ ಯಾರಿದ್ದಾರೆಂದು ಹುಡುಕುವುದು ನನ್ನ ಕೆಲಸ. ನಮ್ಮವರು ಅರ್ಧ ಜನ ಬೇಕು ಎಂದರಂತೆ. ಅಂಕಿ ಹೆಚ್ಚಿದ್ದರೆ ಬೆಲ್ಜಿಯಂನಿಂದ ಪರಿಹಾರ ಕೇಳುವವರಿಗೆ ಅದು ಬೇಕು, ಚಿಪ್ಪುಮೀನು ಮಾರುವವರಿಗೆ ಬೇಡ. ಕಡಿಮೆಯಿದ್ದರೆ ಮಾರುವವರಿಗೆ ಬೇಕು, ಪರಿಹಾರದವರಿಗೆ ಬೇಡ. ಎರಡರಲ್ಲಿ ಯಾವುದಾದರೂ ಅರ್ಧ ಜನವೇ ಆಗುತ್ತದೆ. ಇದು ನಿನಗೆ ಬರೆಯುವಾಗಲೇ ತಿಳಿದಿತ್ತು. ತಿಳಿದೇ ಬರೆದೆ. ನಿನ್ನಷ್ಟು ಚೆನ್ನಾಗಿ ಬರೆಯುವವರು ನಮ್ಮ ಕಡೆ ಯಾರೂ ಇಲ್ಲ.

ಇವತ್ತು ಮಕ್ಕಳ ಕ್ಲಿನಿಕ್ಕಿಗೆ ಹೋಗಿದ್ದೆ. ತೂಕದ ಗೆರೆ ಮೊದಲು ಮಲಗಿತ್ತು, ಈಗ ಇಳಿಯುತ್ತಿದೆ. ನಾಲ್ಕು ದಿನದಿಂದ ನಾನು ಪೂರ್ತಿ ನಿಲ್ಲಿಸಿದ್ದೇನೆ. ಹಸಿವೆ ಆದರೆ ಬಾಟಲಿ ಹಿಡಿಯುತ್ತಾನೆ, ಎಲ್ಲ ಮಕ್ಕಳೂ ಹಿಡಿಯುತ್ತವೆ ಎಂದು ಎಲ್ಲರೂ ಹೇಳಿದ್ದರು. ಇವನು ಹಿಡಿಯಲಿಲ್ಲ. ಚಮಚದಲ್ಲಿ ಹೋದದ್ದಷ್ಟೇ ಹೊಟ್ಟೆಗೆ. ಈಗ ಕಿರುಚುವುದೂ ಇಲ್ಲ. ಅದೇ ನನಗೆ ಹೆದರಿಕೆ. ನರ್ಸ್ ಅವನ ಕಾಲು ಹಿಡಿದು ನೋಡಿದಳು, ನನ್ನ ಶರ್ಟಿನ ಮೇಲೆ ಸೋರಿದ ಕಲೆಯನ್ನೂ ನೋಡಿದಳು.

"ನಿಮ್ಮಲ್ಲಿ ಹಾಲಿದೆ. ನಿಮ್ಮ ಮಗು ಹಸಿದಿದೆ," ಅಂದಳು. "ಈ ಎರಡನ್ನು ಒಂದೇ ಕೋಣೆಯಲ್ಲಿ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ."

ನಾನು ಕಾರಣ ಹೇಳಿದೆ. ಅವಳು ಪೂರ್ತಿ ಕೇಳಿದಳು. ಇಲ್ಲಿಯವರು ಪೂರ್ತಿ ಕೇಳುತ್ತಾರೆ, ಆಮೇಲೆ ಕತ್ತರಿಸುತ್ತಾರೆ. "ಸರಕಾರಗಳ ವಿಷಯ ನನಗೆ ಬೇಡ. ನಾಳೆ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ನೀವು ಎದೆಗೆ ಹಾಕಿಕೊಂಡಿರಬೇಕು. ಇಲ್ಲದಿದ್ದರೆ ಹಾಲು ಬತ್ತುವ ಮಾತ್ರೆ ನುಂಗಿ ಬನ್ನಿ, ನಾನು ಅವನನ್ನು ಆಸ್ಪತ್ರೆಗೆ ಕಳಿಸುತ್ತೇನೆ, ಮೂಗಿನಲ್ಲಿ ನಳಿಗೆ ಹಾಕುತ್ತಾರೆ. ನಡುವಿನದು ಇನ್ನು ಇಲ್ಲ."

ಡಾಕ್ಟರ್ ಬರೆದುಕೊಟ್ಟ ಮಾತ್ರೆ ನನ್ನ ಮುಂದೆ ಇದೆ. ಒಮ್ಮೆ ನುಂಗಿದರೆ ಹಾಲು ಮತ್ತೆ ಬರುವುದಿಲ್ಲವಂತೆ. ನಿನ್ನ ಅಂಕಿ ಕಡಿಮೆಯಿದ್ದರೆ ನಾನು ಸುಮ್ಮನೆ ಅವನ ಬಾಯಿಂದ ಕಿತ್ತುಕೊಂಡವಳಾಗುತ್ತೇನೆ, ಸಿಂಕಿಗೆ ಚೆಲ್ಲಿದ್ದೆಲ್ಲ ಅವನದೇ. ಹೆಚ್ಚಿದ್ದರೆ, ಈಗ ಎತ್ತಿಕೊಂಡು ಕುಡಿಸಿದರೆ, ಅದನ್ನು ನಾನೇ ನನ್ನ ಕೈಯಾರೆ ಹಾಕಿದ ಹಾಗೆ. ಮಾಮಿಯ ಹಾಗೆ ಗೊತ್ತಿಲ್ಲದೆ ಹಾಕಿದೆ ಎನ್ನಲು ನನಗೆ ಬರುವುದಿಲ್ಲ. ಅವರು ಪಾಪ ದಿನಾ ಫೋನ್ ಮಾಡಿ "ಮಗು ತುಂಬಿಕೊಂಡಿತಾ?" ಎಂದು ಕೇಳುತ್ತಾರೆ. ಹೌದು ಮಾಮೀ ಎನ್ನುತ್ತೇನೆ. ವಿಡಿಯೋ ಯಾಕೆ ಹಾಕುದಿಲ್ಲ ಎಂದರೆ ನೆಟ್ ಇಲ್ಲ ಎನ್ನುತ್ತೇನೆ.

ನಾಳೆ ಈ ದೇಶ ಮತ ಹಾಕುತ್ತದೆ. ಕೋರಿ ಅಜ್ಜಿ ಸಂಜೆ ಕೇಕ್ ತಂದು ಕೊಟ್ಟು, ಹೊಸ ಸರಕಾರ ಬಂದರೆ ನದಿ ಸರಿಹೋಗುತ್ತದೆ ಎಂದಳು. ಬರುವ ಸರಕಾರ ನಿಮ್ಮವರ ಜೊತೆ ಕೂತು, ಒಂದು ಪಠ್ಯಕ್ಕೆ ಒಪ್ಪಿ, ಆ ಪಠ್ಯ ಅಂಚೆಯಲ್ಲಿ ನನ್ನ ಮನೆಗೆ ಬರುವಾಗ ಇವನು ನಡೆಯುತ್ತಿರುತ್ತಾನೆ. ನಡೆಯುವ ಹಾಗಿದ್ದರೆ.

ನನಗೆ ನಿನ್ನಿಂದ ಕ್ಷಮೆ ಬೇಡ. ಅದನ್ನು ಕೇಳುವ ಹೊತ್ತೂ ಇದಲ್ಲ, ಕೇಳಿದರೆ ನೀನು ಕೊಡುವುದೂ ಇಲ್ಲ. ನೀನು ಏನೂ ಬರೆಯಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಹಾಸ್ಟೆಲಿನಲ್ಲಿ ಕರೆನ್ಸಿ ಇಲ್ಲದಾಗ ಮಿಸ್ಡ್ ಕಾಲ್ ಕೊಡುತ್ತಿದ್ದೆವಲ್ಲ, ಊಟಕ್ಕೆ ಬಾ ಎನ್ನಲು ಒಂದು ಸಲ, ವಾರ್ಡನ್ ಬಂದಳು ಎನ್ನಲು ಬಿಡದೆ. ಹಾಗೆ ಮಾಡು. ಒಂದು ಸಲ ಬಾರಿಸಿ ಇಟ್ಟುಬಿಟ್ಟರೆ ಕುಡಿಸು ಎಂದು. ಬಿಡದೆ ಬಾರಿಸಿದರೆ ಬೇಡ ಎಂದು. ನಾನು ಎತ್ತುವುದಿಲ್ಲ. ಎತ್ತದ ಫೋನಿನಲ್ಲಿ ಯಾರೂ ಯಾರಿಗೂ ಏನೂ ಹೇಳಿರುವುದಿಲ್ಲ, ಯಾವ ವಿಧಿಯೂ ಮುರಿಯುವುದಿಲ್ಲ, ಯಾವ ಪತ್ರಕರ್ತನೂ ಅದನ್ನು ಅರ್ಜಿ ಹಾಕಿ ಕೇಳಲಾರ.

ನೀನು ಸುಳ್ಳು ಬಾರಿಸಬಹುದು ಎಂದೂ ಯೋಚಿಸಿದೆ. ಕಡಿಮೆಯಿದ್ದರೂ ಬಿಡದೆ ಬಾರಿಸಬಹುದು, ಹೆಚ್ಚಿದ್ದರೂ ಒಂದೇ ಸಲಕ್ಕೆ ಇಡಬಹುದು. ನನಗೆ ಪರೀಕ್ಷಿಸುವ ದಾರಿಯಿಲ್ಲ, ಅದು ನಿನಗೂ ಗೊತ್ತು. ಹಾಗಿದ್ದರೂ ನೀನು ಬಾರಿಸಿದಂತೆಯೇ ಮಾಡುತ್ತೇನೆ. ನಾಳೆ ನಾನು ಯಾವುದು ಮಾಡಿದರೂ ಅದನ್ನು ಒಬ್ಬಳೇ ಮಾಡಿದೆ ಎಂದು ಆಗದಿದ್ದರೆ ಸಾಕು.

ಫೋನ್ ನನ್ನ ತೊಡೆಯ ಮೇಲಿದೆ. ಸೃಜನ್ ಇನ್ನೊಂದು ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದಾನೆ. ಮಾನಸ, ಬೆಳಗಾಗುವ ಮೊದಲು ಫೋನ್ ಮಾಡು. ನಿನ್ನ ಕಾಲು ಹಿಡಿಯುತ್ತೇನೆ, ಬೆಳಗಾಗುವ ಮೊದಲು ಮಾಡು.

ಸಂಪ್ರೀತಾ